ಹೊತ್ತಿದ ಬರ್ನರ್ ಐದೇ ಸೆಕೆಂಡಿಗೆ ಆರುತ್ತಿದೆ: ಕಾಕವಿ ಕೊಪ್ಪರಿಗೆಯ ಗ್ಯಾಸ್ ಕಂಟ್ರೋಲ್

ಗಾಣದಮನೆ_ಮಹಾಲಿಂಗಪುರ

ಎಲ್ಲರಿಗೂ ನಮಸ್ಕಾರ. ಮಹಾಲಿಂಗಪುರದ ಹತ್ತಿರ ನಮ್ಮ ತೋಟದಲ್ಲೇ ಗಾಣ ಇದೆ. ಹೈಡ್ರೋಸ್ (ಬೆಲ್ಲದ ಬಣ್ಣ ತಿಳಿ ಮಾಡೋ ರಾಸಾಯನಿಕ) ಹಾಕದೆ ಕಾಕವಿ ಮಾಡುತ್ತೇವೆ, ಅಂದರೆ ಜೋನಿ ಬೆಲ್ಲ. ಕಬ್ಬಿನ ಹಾಲು ಕಾಯಿಸೋದು, ಬೆಂಡಿಯ ಲೋಳೆ ಹಾಕಿ ಹೊಲಸು ತೆಗೆಯೋದು, ಅರ್ಧಕ್ಕರ್ಧ ಗಟ್ಟಿ ಮಾಡೋದು ಎಲ್ಲ ಕಬ್ಬಿನ ಸಿಪ್ಪೆಯ ಒಲೆಯ ಮೇಲೇ. ಕೊನೆಯ ಹದ ಮಾತ್ರ ಬೇರೆ ಸ್ಟೀಲ್ ಕೊಪ್ಪರಿಗೆಯಲ್ಲಿ, ಗ್ಯಾಸ್ ಮೇಲೆ. ಸಿಪ್ಪೆಯ ಉರಿ ಹೇಳಿದಾಗ ನಿಲ್ಲೋದಿಲ್ಲ, ಕೊನೆಯಲ್ಲಿ ಒಂದೆರಡು ಡಿಗ್ರಿ ಜಾಸ್ತಿ ಆದರೂ ಬಣ್ಣ ಕಪ್ಪಾಗುತ್ತೆ. ಅದಕ್ಕೇ ಈ ಏರ್ಪಾಡು.

ಗ್ಯಾಸ್ ಕಡೆ ಹೀಗಿದೆ. 19 ಕೆಜಿಯ ಕಮರ್ಷಿಯಲ್ ಸಿಲಿಂಡರ್, ಎರಡು ಹಂತದ ರೆಗ್ಯುಲೇಟರ್, ಬರ್ನರ್‌ಗೆ 30 ಮಿಲಿಬಾರ್. ಸಾಲಾಗಿ ಎರಡು ಸೊಲೆನಾಯ್ಡ್ ವಾಲ್ವ್, ಅಂದರೆ ಕರೆಂಟ್ ಕೊಟ್ಟರೆ ತೆರೆಯೋ ವಾಲ್ವ್. ಸುಮಾರು 20 ಕಿಲೋವ್ಯಾಟ್‌ನ ರಿಂಗ್ ಬರ್ನರ್. ಕಿಡಿಗೆ ಒಂದು ಎಲೆಕ್ಟ್ರೋಡ್, ಜ್ವಾಲೆ ನೋಡೋಕೆ ಇನ್ನೊಂದು ಫ್ಲೇಮ್ ರಾಡ್. ಇವೆರಡನ್ನೂ ನೋಡಿಕೊಳ್ಳೋದು ಕಂಪನಿ ಮಾಡಿದ ಬರ್ನರ್ ಕಂಟ್ರೋಲರ್. ಅದರ ಮೇಲೆ ಆರ್ಡುಯಿನೋ ಇದೆ, ಪ್ರೋಗ್ರಾಂ ಬರೆದು ಹಾಕೋ ಚಿಕ್ಕ ಬೋರ್ಡ್. ಪಿಟಿ100 ಸೆನ್ಸರ್‌ನಿಂದ ಪಾಕದ ಉಷ್ಣ ಓದಿ "ಉರಿ ಬೇಕು, ಸಾಕು" ಅಂತ ಕಂಟ್ರೋಲರ್‌ಗೆ ಹೇಳುತ್ತೆ. ಕಲಕೋ ಮೋಟರ್ ಬೇರೆ ಇದೆ.

ತೊಂದರೆ ಏನಂದರೆ, ಕಿಡಿ ಬರುತ್ತೆ, ಬರ್ನರ್ ಚೆಂದಾಗಿ ನೀಲಿಯಾಗಿ ಹೊತ್ತುತ್ತೆ. ಐದು ಸೆಕೆಂಡ್ ಆಗೋಷ್ಟರಲ್ಲಿ ವಾಲ್ವ್ ಟಕ್ ಅಂತ ಮುಚ್ಚಿ ಕೆಂಪು ದೀಪ, ಲಾಕ್‌ಔಟ್. ರೀಸೆಟ್ ಒತ್ತಿದರೂ ಅದೇ ಕಥೆ. ಬೆಳಿಗ್ಗೆ ಇಡೀ ಕೊಪ್ಪರಿಗೆ ಏನೂ ತಕರಾರಿಲ್ಲದೆ ಇಳಿಯುತ್ತೆ. ಸಂಜೆ ಕೆಲಸ ಹಿಡಿದರೆ ಇದೇ ಗೋಳು. ಎಲ್ಲಿಂದ ಹುಡುಕಬೇಕು ಹೇಳಿ.

ಬಾಗಲಕೋಟೆ_ಸರ್ಕ್ಯೂಟ್

ಕಿಡಿ ಹಾರುವಾಗ ಆರ್ಡುಯಿನೋ ರೀಸೆಟ್ ಆಗ್ತಿದೆಯಾ ಮೊದಲು ನೋಡಿ. ಇಗ್ನಿಷನ್ ಟ್ರಾನ್ಸ್‌ಫಾರ್ಮರ್‌ನ ವೈರ್ ಸೆನ್ಸರ್ ವೈರ್ ಜೊತೆ ಒಂದೇ ಪೈಪಿನಲ್ಲಿ ಹೋಗಿದ್ದರೆ ಬೋರ್ಡ್ ತಲೆ ಕೆಟ್ಟಂತೆ ಆಡುತ್ತೆ. ಬೋರ್ಡ್ ರೀಸೆಟ್ ಆದರೆ ರಿಲೇ ಬಿಡುತ್ತೆ, ರಿಲೇ ಬಿಟ್ಟರೆ ಉರಿ ಆರುತ್ತೆ.

ಉದ್ಯಮಬಾಗ_ಬರ್ನರ್

ಬೆಳಗಾವಿ ಉದ್ಯಮಬಾಗದಲ್ಲಿ ಫೌಂಡ್ರಿ ಓವನ್‌ಗಳ ಬರ್ನರ್ ಕೆಲಸವೇ ನನ್ನದು. ಬೋರ್ಡ್ ರೀಸೆಟ್ ಆಗಿದ್ದರೆ ಬರೀ ಉರಿ ಆರುತ್ತಿತ್ತು, ಕೆಂಪು ದೀಪ ಬರುತ್ತಿರಲಿಲ್ಲ. "ಉರಿ ಸಾಕು" ಅಂದರೆ ಕಂಟ್ರೋಲರ್ ಸುಮ್ನೆ ನಿಲ್ಲುತ್ತೆ. ಲಾಕ್‌ಔಟ್ ಅಂದರೆ ಗ್ಯಾಸ್ ಬಿಟ್ಟ ಮೇಲೆ ಕೊಟ್ಟ ಸಮಯದೊಳಗೆ ಅದಕ್ಕೆ ಜ್ವಾಲೆ ಕಂಡಿಲ್ಲ. ನಿಮ್ಮ ಕಣ್ಣಿಗೆ ಕಾಣೋ ಜ್ವಾಲೆ ಅದಕ್ಕೆ ಯಾಕೆ ಕಾಣ್ತಿಲ್ಲ ಅನ್ನೋದನ್ನೇ ಹಿಡಿಯಬೇಕು.

ಇಷ್ಟು ಹೇಳಿ ಅಣ್ಣಾ. ಫ್ಲೇಮ್ ರಾಡ್ ಜ್ವಾಲೆಯ ಒಳಗೆ ಇದೆಯಾ, ಅಂಚಿನಲ್ಲಿದೆಯಾ? ಬರ್ನರ್‌ನ ಮೈಯಿಂದ ಕಂಟ್ರೋಲರ್‌ನ ಅರ್ಥ್ ಟರ್ಮಿನಲ್‌ಗೆ ನೇರ ವೈರ್ ಇದೆಯಾ? ಫೇಸು ನ್ಯೂಟ್ರಲ್ಲು ಅದಲುಬದಲಾಗಿಲ್ಲ ತಾನೇ? ಮುಖ್ಯವಾಗಿ, ಬೆಳಿಗ್ಗೆಗೂ ಸಂಜೆಗೂ ಏನು ವ್ಯತ್ಯಾಸ? ಗಾಳಿಯಾ, ಸಿಲಿಂಡರ್ ತಳ ಹಿಡಿದಿರೋದಾ, ಕರೆಂಟಾ?

ಗಾಣದಮನೆ_ಮಹಾಲಿಂಗಪುರ

ಬೋರ್ಡ್ ರೀಸೆಟ್ ಆಗ್ತಿಲ್ಲ, ಅದರ ಲಾಗ್ ಒಂದೇ ಸಮ ಓಡುತ್ತಿದೆ. ರಾಡ್‌ನ ತುದಿ ಜ್ವಾಲೆಯಲ್ಲಿ ಕೆಂಪಗಾಗುತ್ತೆ, ಅಂದರೆ ಒಳಗೇ ಇದೆ. ಮೈಯಿಂದ ಹಸಿರು ವೈರ್ ಇದೆ. ಟೆಸ್ಟರ್ ಇಟ್ಟು ನೋಡಿದೆ, ಫೇಸ್ ಸರಿಯಾದ ಜಾಗದಲ್ಲೇ ಇದೆ. ಗಾಳಿಗೆ ಮೂರೂ ಕಡೆ ತಗಡು ಕಟ್ಟಿದ್ದೇವೆ. ಹೊಸ ಸಿಲಿಂಡರ್ ಹಾಕಿದರೂ ಅದೇ.

ಸಂಜೆ ತೋಟದಲ್ಲಿ ಕರೆಂಟ್ ಇರಲ್ಲ, ಇನ್ವರ್ಟರ್ ಮೇಲೆ ಓಡಿಸುತ್ತೇವೆ. ವೋಲ್ಟೇಜ್ ನೋಡಿದೆ, 225ರ ಹತ್ತಿರ ಇದೆ. ಕರೆಂಟಿಗಿಂತ ಇನ್ವರ್ಟರ್‌ದೇ ಚಲೋ ವೋಲ್ಟೇಜ್ ರೀ.

ಇಂಡಿ_ಲಿಂಬೆ

ನಾನು ಇಂಡಿ ಕಡೆಯವ. ಲಿಂಬೆ ಶರಬತ್ತಿಗೆ ಸಕ್ಕರೆ ಪಾಕ ಕಾಯಿಸೋಕೆ ಹೀಗೇ ಒಂದು ಒಲೆ ಮಾಡಿಕೊಂಡಿದ್ದೇನೆ. ನನಗೂ ಈ ಲಾಕ್‌ಔಟ್ ಸಾಕಾಗಿ ಹೋಗಿತ್ತು. ಈಗ ಕಂಟ್ರೋಲರ್ ತೆಗೆದು ಆರ್ಡುಯಿನೋದಿಂದಲೇ ಎಸ್‌ಎಸ್‌ಆರ್ (ಸಾಲಿಡ್ ಸ್ಟೇಟ್ ರಿಲೇ, ಎಲೆಕ್ಟ್ರಾನಿಕ್ ಸ್ವಿಚ್) ಹಾಕಿ ವಾಲ್ವ್ ತೆರೆಯುತ್ತೇನೆ. ಪಾಕದ ಉಷ್ಣ ಏರುತ್ತಿದ್ದರೆ ಉರಿ ಇದೆ, ಏರದಿದ್ದರೆ ಇಲ್ಲ ಅಂತ ಪ್ರೋಗ್ರಾಂ ಬರೆದಿದ್ದೇನೆ. ಚೆನ್ನಾಗಿ ನಡೀತಿದೆ. ನೀವೂ ಹಾಗೇ ಮಾಡಿಬಿಡಿ.

ಉದ್ಯಮಬಾಗ_ಬರ್ನರ್

ದಯವಿಟ್ಟು ಹಾಗೆ ಮಾಡಬೇಡಿ. ಇಂಡಿಯವರೇ, ನಿಮಗೂ ಕೈ ಮುಗಿದು ಹೇಳುತ್ತೇನೆ, ಇವತ್ತೇ ಅದನ್ನು ಬಿಚ್ಚಿ. ಲೆಕ್ಕ ಹಾಕಿ ತೋರಿಸುತ್ತೇನೆ.

20 ಕಿಲೋವ್ಯಾಟ್ ಬರ್ನರ್ ಗಂಟೆಗೆ ಸುಮಾರು ಒಂದೂವರೆ ಕೆಜಿ ಗ್ಯಾಸ್ ಕುಡಿಯುತ್ತೆ. ಉರಿ ಇಲ್ಲದೆ ವಾಲ್ವ್ ಒಂದು ನಿಮಿಷ ತೆರೆದಿದ್ದರೆ ಸುಮಾರು 12 ಲೀಟರ್ ಗ್ಯಾಸ್ ಹೊರಗೆ ಬಂತು. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಎಲ್‌ಪಿಜಿ ಬೆರೆತರೆ ಸಾಕು, ಹೊತ್ತಿಕೊಳ್ಳುತ್ತೆ. ಅಂದರೆ ಆ ಒಂದು ನಿಮಿಷದಲ್ಲಿ 600 ಲೀಟರ್‌ನಷ್ಟು ಸಿಡಿಯೋ ಗಾಳಿ ತಯಾರು. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಅದು ಮೇಲೆ ಹೋಗಿ ಚದುರೋದಿಲ್ಲ, ನೆಲ ಹಿಡಿದು ಹರಿದು ಒಲೆಯ ಗುಂಡಿಯಲ್ಲಿ, ಚರಂಡಿಯಲ್ಲಿ ಕೂರುತ್ತೆ. ಗಾಣದ ಮನೆಯಲ್ಲಿ ಪಕ್ಕದಲ್ಲೇ ಸಿಪ್ಪೆಯ ಒಲೆ ಉರೀತಿರುತ್ತೆ ಅನ್ನೋದನ್ನ ಮರೀಬೇಡಿ.

ಐದು ಸೆಕೆಂಡಿನ ಮಿತಿ ಇರೋದು ಇದಕ್ಕೇ. ಅಷ್ಟರಲ್ಲಿ ಹೊರಬರೋದು ಒಂದೇ ಲೀಟರ್ ಗ್ಯಾಸ್.

ಇನ್ನು ಉಷ್ಣ ನೋಡಿ ಉರಿ ಇದೆಯೋ ಇಲ್ಲವೋ ಹೇಳೋದು. 40 ಕೆಜಿ ಪಾಕ ಒಂದು ಡಿಗ್ರಿ ಏರೋಕೇ 10-15 ಸೆಕೆಂಡ್ ಬೇಕು. ಕುದಿಯೋಕೆ ಶುರುವಾದ ಮೇಲಂತೂ ಉರಿ ಇದ್ದರೂ ಉಷ್ಣ ಹೆಚ್ಚುಕಡಿಮೆ ನಿಂತೇ ಇರುತ್ತೆ. ಆಗ ಉರಿ ಆರಿದರೆ ನಿಮ್ಮ ಪ್ರೋಗ್ರಾಂಗೆ ಗೊತ್ತಾಗೋಕೆ ನಿಮಿಷಗಳೇ ಹಿಡಿಯುತ್ತವೆ.

ಎಸ್‌ಎಸ್‌ಆರ್ ವಿಷಯ ಇನ್ನೂ ಗಂಭೀರ. ಅದು ಕೆಟ್ಟರೆ ಬಹಳ ಸಲ ಶಾರ್ಟ್ ಆಗಿಯೇ ಕೆಡುತ್ತೆ, ಅಂದರೆ ವಾಲ್ವ್ ತೆರೆದೇ ಉಳಿಯುತ್ತೆ. ಆಫ್ ಇದ್ದಾಗಲೂ ಕೆಲವು ಮಿಲಿಆಂಪ್ ಸೋರುತ್ತೆ, ಚಿಕ್ಕ ಸೊಲೆನಾಯ್ಡ್ ಅಷ್ಟಕ್ಕೇ ಪೂರ್ತಿ ಮುಚ್ಚದೆ ಗುಂಯ್‌ಗುಡುತ್ತಾ ಕೂತಿರಬಹುದು. ಉಷ್ಣದ ಲೆಕ್ಕ ಆರ್ಡುಯಿನೋ ನೋಡಿಕೊಳ್ಳಲಿ. ಗ್ಯಾಸ್ ಬಿಡೋ ಅಧಿಕಾರ ಮಾತ್ರ ಜ್ವಾಲೆ ನೋಡೋ ಕಂಟ್ರೋಲರ್ ಕೈಯಲ್ಲೇ ಇರಬೇಕು. ಇದರಲ್ಲಿ ರಾಜಿ ಇಲ್ಲ.

ಇಂಡಿ_ಲಿಂಬೆ

600 ಲೀಟರ್ ಲೆಕ್ಕ ನೋಡಿ ಎದೆ ಧಸಕ್ ಅಂತು. ಸಿಲಿಂಡರ್ ಮುಚ್ಚಿಸಿದೆ. ಆದರೆ ಒಂದು ಕೇಳಲಾ? ನನ್ನ ಹಳೇ ಕಂಟ್ರೋಲರ್ ಜೊತೆ ವಾಲ್ವ್ ಟಕ್ ಅನ್ನುತ್ತಿತ್ತು, ಗ್ಯಾಸ್ ಮಾತ್ರ ಸರಿಯಾಗಿ ಬರುತ್ತಿರಲಿಲ್ಲ. ಆಗಲೂ ಲಾಕ್‌ಔಟ್. ಅದು ಯಾಕೆ?

ಬಾಗಲಕೋಟೆ_ಸರ್ಕ್ಯೂಟ್

ಎಲ್ಲಿಂದ ತಂದ ವಾಲ್ವ್ ರೀ? ಆರ್‌ಓ ಪ್ಲಾಂಟಿನ ನೀರಿನ ವಾಲ್ವ್ ಏನಾದರೂ ಹಾಕಿದ್ದೀರಾ?

ಇಂಡಿ_ಲಿಂಬೆ

ಹೌದು, ಹಿತ್ತಾಳೆಯದು. ಅಂಗಡಿಯವ ಗಾಳಿ, ನೀರು, ಗ್ಯಾಸ್ ಎಲ್ಲಕ್ಕೂ ನಡೆಯುತ್ತೆ ಅಂದ.

ಉದ್ಯಮಬಾಗ_ಬರ್ನರ್

ಅದರಲ್ಲಿ ಎರಡು ತೊಂದರೆ ಇವೆ. ನೀರಿನ ವಾಲ್ವ್‌ಗಳಲ್ಲಿ ಬಹಳಷ್ಟು ಪೈಲಟ್ ಮಾದರಿಯವು. ಕಾಯಿಲ್ ತೆರೆಯೋದು ಚಿಕ್ಕ ತೂತನ್ನು ಮಾತ್ರ, ದೊಡ್ಡ ಡಯಾಫ್ರಾಮ್ ಏಳೋಕೆ ಒತ್ತಡವೇ ಬೇಕು. 300-500 ಮಿಲಿಬಾರ್ ಇಲ್ಲದಿದ್ದರೆ ಅದು ಏಳೋದಿಲ್ಲ. ಬರ್ನರ್ ಲೈನಿನಲ್ಲಿ ಇರೋದು 30. ಹಾಗಾಗಿ ಟಕ್ ಅನ್ನುತ್ತೆ, ಗ್ಯಾಸ್ ಬರಲ್ಲ. ಡೈರೆಕ್ಟ್ ಆ್ಯಕ್ಟಿಂಗ್, ಗ್ಯಾಸ್‌ಗೆಂದೇ ಮಾಡಿದ, ಕರೆಂಟ್ ಹೋದರೆ ಮುಚ್ಚೋ ವಾಲ್ವ್ ಬೇಕು. ಎರಡನೆಯದು ಒಳಗಿನ ರಬ್ಬರ್. ನೀರಿನ ವಾಲ್ವ್‌ನಲ್ಲಿ ಇಪಿಡಿಎಂ ಇದ್ದರೆ ಎಲ್‌ಪಿಜಿಗೆ ಊದಿಕೊಂಡು ಮುಚ್ಚೋದೇ ಕಷ್ಟ. ನೈಟ್ರೈಲ್ ಅಥವಾ ವಿಟಾನ್ ಇರಬೇಕು.

ಈಗ ಮಹಾಲಿಂಗಪುರದ ಅಣ್ಣನ ವಿಷಯ. ಇನ್ವರ್ಟರ್ ಅಂದಿರಲ್ಲ, ಅಲ್ಲೇ ನನ್ನ ಅನುಮಾನ. ವೋಲ್ಟೇಜ್ ಎಷ್ಟಿದೆ ಅನ್ನೋದಲ್ಲ, ನ್ಯೂಟ್ರಲ್ ಎಲ್ಲಿದೆ ಅನ್ನೋದು ಮುಖ್ಯ.

ಜ್ವಾಲೆಯಲ್ಲಿ ಅಯಾನುಗಳು ಇರುತ್ತವೆ, ಸ್ವಲ್ಪ ಕರೆಂಟ್ ಹರಿಯುತ್ತೆ. ಕಂಟ್ರೋಲರ್ ರಾಡ್‌ಗೆ ಎಸಿ ಕೊಡುತ್ತೆ. ರಾಡ್ ಸಣ್ಣದು, ಬರ್ನರ್‌ನ ಮೈ ದೊಡ್ಡದು, ಹಾಗಾಗಿ ಜ್ವಾಲೆಯ ಮೂಲಕ ಒಂದು ದಿಕ್ಕಿಗೆ ಜಾಸ್ತಿ, ಇನ್ನೊಂದು ದಿಕ್ಕಿಗೆ ಕಡಿಮೆ ಹರಿದು ಡಿಸಿ ಆಗುತ್ತೆ. ಅದೂ ಕೆಲವೇ ಮೈಕ್ರೋಆಂಪ್. ಆ ಡಿಸಿ ಕಂಡರೆ ಮಾತ್ರ ಜ್ವಾಲೆ ಇದೆ ಅಂತ ಅದು ನಂಬುತ್ತೆ. ಒದ್ದೆಯಿಂದಲೋ ಮಸಿಯಿಂದಲೋ ಸೋರಿದ್ದು ಎಸಿ ಆಗಿಯೇ ಉಳಿಯುತ್ತೆ, ಅದಕ್ಕೆ ಕಂಟ್ರೋಲರ್ ಮೋಸ ಹೋಗೋದಿಲ್ಲ. ಬಹಳ ಜಾಣ ಉಪಾಯ ಇದು.

ಆದರೆ ಆ ಕರೆಂಟ್ ಬರ್ನರ್‌ನ ಮೈಯಿಂದ ಅರ್ಥ್‌ಗೆ ಹೋಗಿ, ಅಲ್ಲಿಂದ ನ್ಯೂಟ್ರಲ್ ಮೂಲಕ ಕಂಟ್ರೋಲರ್‌ಗೆ ವಾಪಸ್ ಬರಬೇಕು. ಲೈನಿನ ಕರೆಂಟ್ ಇದ್ದಾಗ ನ್ಯೂಟ್ರಲ್ ಟ್ರಾನ್ಸ್‌ಫಾರ್ಮರ್ ಹತ್ತಿರ ಅರ್ಥ್‌ಗೆ ಸೇರಿರುತ್ತೆ, ದಾರಿ ಪೂರ್ತಿ ಆಗುತ್ತೆ. ಇನ್ವರ್ಟರ್ ಮೇಲೆ ಬಂದಾಗ ಎಷ್ಟೋ ಮಾದರಿಗಳಲ್ಲಿ ಎರಡೂ ವೈರ್ ಅರ್ಥ್‌ಗೆ ಸಂಬಂಧವೇ ಇಲ್ಲದೆ ತೇಲುತ್ತಿರುತ್ತವೆ. ಬಲ್ಬಿಗೆ, ಮೋಟರಿಗೆ ಅದರಿಂದ ಏನೂ ಆಗಲ್ಲ. ಫ್ಲೇಮ್ ರಾಡ್‌ಗೆ ಮಾತ್ರ ದಾರಿಯೇ ತುಂಡಾಗುತ್ತೆ.

ಎರಡು ಅಳತೆ ತೆಗೆಯಿರಿ. ಒಂದು, ನ್ಯೂಟ್ರಲ್‌ನಿಂದ ಬರ್ನರ್‌ನ ಮೈಗೆ ಎಸಿ ವೋಲ್ಟ್ ಎಷ್ಟು. ಇನ್ನೊಂದು, ರಾಡ್‌ನ ವೈರ್ ಬಿಚ್ಚಿ ನಡುವೆ ಮಲ್ಟಿಮೀಟರ್ ಸೇರಿಸಿ ಡಿಸಿ ಮೈಕ್ರೋಆಂಪ್ ಎಷ್ಟು. ಸಿಲಿಂಡರ್ ಮುಚ್ಚಿ, ಕರೆಂಟ್ ಪೂರ್ತಿ ತೆಗೆದು ಮೀಟರ್ ಜೋಡಿಸಿ, ಆಮೇಲೇ ಹಚ್ಚಿ. ಓಡುವಾಗ ಕೈ ಹಾಕಬೇಡಿ. ನಿಮ್ಮದು ಕಿಡಿಗೆ ಬೇರೆ, ನೋಡೋಕೆ ಬೇರೆ ಎಲೆಕ್ಟ್ರೋಡ್ ಇರೋದರಿಂದ ಇದು ಆಗುತ್ತೆ. ಒಂದೇ ಎಲೆಕ್ಟ್ರೋಡ್ ಎರಡೂ ಕೆಲಸ ಮಾಡೋ ಕಡೆ ಮೀಟರ್ ಹಾಕಿದರೆ ಕಿಡಿಯ ಸಾವಿರಾರು ವೋಲ್ಟ್ ಮೀಟರ್ ಒಳಗೇ ಹೋಗುತ್ತೆ.

ಬಾಗಲಕೋಟೆ_ಸರ್ಕ್ಯೂಟ್

ನಮ್ಮ ಕಡೆ ಎರೆ ಭೂಮಿ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥ್ ಗುಂಡಿ ಒಣಗಿ ಹೋಗುತ್ತೆ. ಅದೇ ಕಾರಣ ಇರಬಹುದಲ್ವಾ? ಉಪ್ಪು, ಇದ್ದಿಲು ಹಾಕಿ ನೀರು ಹೊಯ್ದರೆ ಸರಿ ಹೋಗಬಹುದು.

ಉದ್ಯಮಬಾಗ_ಬರ್ನರ್

ಕೆಲವು ಮೈಕ್ರೋಆಂಪ್ ಹರಿಯೋಕೆ ಅರ್ಥ್ ಗುಂಡಿ ಅಷ್ಟು ಚೆನ್ನಾಗಿರಬೇಕಿಲ್ಲ. ಸಾವಿರ ಓಮ್ ಇದ್ದರೂ ಅಷ್ಟು ಕರೆಂಟಿಗೆ ಬೀಳೋ ವೋಲ್ಟೇಜ್ ಲೆಕ್ಕಕ್ಕೇ ಬರಲ್ಲ. ಒಣಗಿದ ಗುಂಡಿ ಶಾಕ್ ಹೊಡೆಯೋ ವಿಷಯದಲ್ಲಿ ಅಪಾಯ, ಅದಕ್ಕಾಗಿ ನೀರು ಹೊಯ್ಯಲೇಬೇಕು. ಬೆಳಿಗ್ಗೆ ಸರಿ, ಸಂಜೆ ಇಲ್ಲ ಅನ್ನೋದಕ್ಕೆ ಅದು ಉತ್ತರ ಅಲ್ಲ.

ಗೋಕಾಕ_ಅಡುಗೆಮನೆ

ನಮ್ಮದು ಕರದಂಟಿನ ಅಡುಗೆಮನೆ, ದಿನಾ ಬೆಲ್ಲದ ಪಾಕದ ಜೊತೆಯೇ ಇರೋದು. ನಮ್ಮ ಒಲೆಗೆ ಕರೆಂಟೇ ಬೇಡ. ಗುಂಡಿ ಒತ್ತಿ ಹಿಡಿದು ಹಚ್ಚಬೇಕು, ಜ್ವಾಲೆಯಲ್ಲಿ ಒಂದು ಥರ್ಮೋಕಪಲ್ ಕಾದರೆ ಅದರಿಂದ ಬರೋ 20-30 ಮಿಲಿವೋಲ್ಟ್‌ಗೇ ವಾಲ್ವ್ ತೆರೆದು ನಿಲ್ಲುತ್ತೆ. ಉರಿ ಆರಿದರೆ ತಾನೇ ಮುಚ್ಚುತ್ತೆ. ಇಂಡಿಯ ತಮ್ಮಾ, ನಿನಗೆ ಇದೇ ಸಾಕಲ್ಲಪ್ಪ?

ಇನ್ನೊಂದು ಮಾತು ಮಹಾಲಿಂಗಪುರದವರಿಗೆ. ಆರ್ಡುಯಿನೋಗೆ ಎಷ್ಟು ಡಿಗ್ರಿ ಹೇಳಿದ್ದೀರಿ?

ಇಂಡಿ_ಲಿಂಬೆ

ಅಕ್ಕಾ, ಎದುರಿಗೆ ನಿಂತು ಕಾಯಿಸೋದಾದರೆ ಅದೇ ಸಾಕು ಅನ್ನಿಸುತ್ತೆ. ಆದರೆ ನನಗೆ ಉರಿ ತಾನೇ ಹತ್ತಿ ತಾನೇ ಆರಬೇಕು.

ಉದ್ಯಮಬಾಗ_ಬರ್ನರ್

ಅಕ್ಕನ ಒಲೆ ಸರಿಯಾಗಿದೆ, ಆಳು ಎದುರಿಗಿದ್ದಾಗ ಅದರಷ್ಟು ನಂಬಿಕೆಯದು ಬೇರೆ ಇಲ್ಲ. ತಣ್ಣಗಾಗಿ ವಾಲ್ವ್ ಬಿಡೋಕೆ ಅದಕ್ಕೆ ಅರ್ಧ ನಿಮಿಷ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಬೇಕು. ತಾನೇ ಹೊತ್ತೋ ಬರ್ನರ್‌ಗೆ ಅಷ್ಟು ಹೊತ್ತು ಕೊಡೋಕಾಗಲ್ಲ. ಇಂಡಿಯವರಿಗೆ ಕಂಟ್ರೋಲರೇ ಬೇಕು, ಜೊತೆಗೆ ಸರಿಯಾದ ಎರಡು ವಾಲ್ವ್.

ಗಾಣದಮನೆ_ಮಹಾಲಿಂಗಪುರ

ಅಳತೆ ತೆಗೆದೆ. ಲೈನಿನ ಕರೆಂಟ್ ಮೇಲೆ ನ್ಯೂಟ್ರಲ್‌ನಿಂದ ಮೈಗೆ ಎರಡು ವೋಲ್ಟ್ ಒಳಗೆ, ಫ್ಲೇಮ್ ಕರೆಂಟ್ 6 ಮೈಕ್ರೋಆಂಪ್ ಆಸುಪಾಸು, ಜ್ವಾಲೆ ಅಲುಗಾಡಿದಾಗ 5ಕ್ಕೆ ಇಳಿಯುತ್ತೆ. ಮೇನ್ ತೆಗೆದು ಇನ್ವರ್ಟರ್‌ಗೆ ಹಾಕಿದೆ. ನ್ಯೂಟ್ರಲ್‌ನಿಂದ ಮೈಗೆ 110ರ ಹತ್ತಿರ ತೋರಿಸಿತು. ಬರ್ನರ್ ಹೊತ್ತಿತು, ಜ್ವಾಲೆ ಅಷ್ಟೇ ದೊಡ್ಡದು, ಅಷ್ಟೇ ನೀಲಿ. ಮೀಟರ್ ಮಾತ್ರ ಸೊನ್ನೆಯ ಪಕ್ಕದಲ್ಲೇ ಮಿಣಿಮಿಣಿ ಅಂದು, ಟಕ್. ಕಣ್ಣ ಮುಂದೆ ಉರೀತಿರೋದನ್ನ ಕಂಟ್ರೋಲರ್ ನಿಜವಾಗಿಯೂ ಕಾಣ್ತಿಲ್ಲ!

ಈಗ ಇನ್ವರ್ಟರ್‌ನ ನ್ಯೂಟ್ರಲ್ ತಂದು ಅರ್ಥ್‌ಗೆ ಕಟ್ಟಿಬಿಡಲಾ?

ಅಕ್ಕಾ, 105 ಡಿಗ್ರಿ ಹೇಳಿದ್ದೇನೆ. ಜೋನಿ ಬೆಲ್ಲಕ್ಕೆ 105-106, ಅಚ್ಚಿನ ಬೆಲ್ಲಕ್ಕೆ 118 ಅಂತ ಓದಿದ್ದೆ.

ಬಾಗಲಕೋಟೆ_ಸರ್ಕ್ಯೂಟ್

ಇನ್ವರ್ಟರ್ ಔಟ್‌ಪುಟ್ ನೇರ ಅರ್ಥ್‌ಗೆ ಕಟ್ಟಬೇಡಿ. ಒಳಗಿನ ಸರ್ಕ್ಯೂಟ್ ಒಂದೊಂದರಲ್ಲಿ ಒಂದೊಂದು ಥರ. ಕೆಲವದರಲ್ಲಿ ಅದರಿಂದ ಇನ್ವರ್ಟರೇ ಸುಡಬಹುದು. ಲೈನ್ ವಾಪಸ್ ಬಂದಾಗ ಮನೆಯ ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟ್ ಕಡಿಯೋ ಸ್ವಿಚ್) ಕೂಡ ಬೀಳಬಹುದು.

ಅದಕ್ಕೆ ಬೇರೆ ದಾರಿ ಇದೆ. 230ರಿಂದ 230ರ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಒಂದು ತನ್ನಿ, ಅದರಲ್ಲಿ ಒಳಬರೋ ವೈರಿಗೂ ಹೊರಹೋಗೋ ವೈರಿಗೂ ನೇರ ಸಂಬಂಧ ಇರಲ್ಲ. ಕಂಟ್ರೋಲರ್, ಎರಡು ವಾಲ್ವ್, ಇಗ್ನಿಷನ್ ಸೇರಿದರೆ 150-200 ವಿಎ ಸಾಕು. ಕಲಕೋ ಮೋಟರ್ ಅದರ ಮೇಲೆ ಹಾಕಬೇಡಿ. ಸೆಕೆಂಡರಿಯ ಒಂದು ತುದಿಯನ್ನು ಕಂಟ್ರೋಲರ್‌ನ ನ್ಯೂಟ್ರಲ್ ಟರ್ಮಿನಲ್‌ಗೆ ಕೊಟ್ಟು, ಅಲ್ಲಿಂದಲೇ ಅರ್ಥ್‌ಗೂ ಬರ್ನರ್‌ನ ಮೈಗೂ ಕಟ್ಟಿ. ಇನ್ನೊಂದು ತುದಿ ಒಂದು ಆಂಪ್ ಫ್ಯೂಸ್ ದಾಟಿ ಫೇಸ್ ಟರ್ಮಿನಲ್‌ಗೆ. ಈಗ ಹಿಂದೆ ಲೈನಿರಲಿ, ಇನ್ವರ್ಟರ್ ಇರಲಿ, ಜನರೇಟರ್ ಇರಲಿ, ಕಂಟ್ರೋಲರ್‌ಗೆ ತನ್ನದೇ ನ್ಯೂಟ್ರಲ್ ಸಿಗುತ್ತೆ.

ಒಂದು ಎಚ್ಚರಿಕೆ. ಟ್ರಾನ್ಸ್‌ಫಾರ್ಮರ್ ಆಚೆ ಆದ ಸೋರಿಕೆ ಮನೆಯ ಆರ್‌ಸಿಸಿಬಿಗೆ ಕಾಣೋದಿಲ್ಲ. ಫ್ಯೂಸ್ ಬಿಡಬೇಡಿ, ವೈರ್‌ಗಳು ಚಿಕ್ಕದಾಗಿ ಡಬ್ಬಿಯ ಒಳಗೇ ಇರಲಿ. ಈ ಜೋಡಣೆಯನ್ನು ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ.

ಉದ್ಯಮಬಾಗ_ಬರ್ನರ್

ಸರಿಯಾದ ಉಪಾಯ. ನಾವೂ ಓವನ್‌ಗಳಲ್ಲಿ ಹೀಗೇ ಮಾಡೋದು. ಇನ್ವರ್ಟರ್ ಸೈನ್ ವೇವ್ ಇದ್ದರೆ ಒಳ್ಳೆಯದು. ಸ್ಕ್ವೇರ್ ವೇವ್ ಆದರೆ ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತೆ, ಗುಂಯ್ ಅನ್ನುತ್ತೆ.

ಆ ಡಬ್ಬಿ ಬಿಚ್ಚಿದಾಗಲೇ ಇನ್ನೆರಡು ಸೇರಿಸಿ. ಆರ್ಡುಯಿನೋ "ಉರಿ ಬೇಕು" ಅನ್ನೋ ದಾರಿಯಲ್ಲೇ ಸಾಲಾಗಿ ಒಂದು ಮೆಕ್ಯಾನಿಕಲ್ ಥರ್ಮೋಸ್ಟಾಟ್, ಕೈಯಿಂದ ರೀಸೆಟ್ ಮಾಡೋ ಜಾತಿಯದು. ರಿಲೇ ಅಂಟಿಕೊಂಡರೂ ಅದು ಕಡಿಯುತ್ತೆ. ಹಾಗೇ ಕಲಕೋ ಮೋಟರ್ ನಿಂತರೆ ಉರಿ ನಿಲ್ಲಬೇಕು, ಇಲ್ಲದಿದ್ದರೆ ತಳ ಹಿಡಿದು ಸುಟ್ಟ ವಾಸನೆ ಇಡೀ ಕೊಪ್ಪರಿಗೆಗೆ ಏರುತ್ತೆ.

ಗೋಕಾಕ_ಅಡುಗೆಮನೆ

105 ಅಂತ ಕಣ್ಣು ಮುಚ್ಚಿ ಹಾಕಬೇಡಿ. ಮೊದಲು ಅದೇ ಕೊಪ್ಪರಿಗೆಯಲ್ಲಿ ಬರೀ ನೀರು ಕುದಿಸಿ, ನಿಮ್ಮ ಸೆನ್ಸರ್ ಎಷ್ಟು ತೋರಿಸುತ್ತೆ ನೋಡಿ. ನಮ್ಮ ಕಡೆ ಎಲ್ಲೂ 100 ಬರಲ್ಲ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ, ಅಲ್ಲಿ ನೀರು ಕುದಿಯೋದು 97.5ರ ಹತ್ತಿರ. ನಿಮ್ಮಲ್ಲಿ 98ರ ಆಸುಪಾಸು ಬರಬಹುದು. ನೀರು ಕುದಿಯೋ ಉಷ್ಣಕ್ಕಿಂತ 5-6 ಡಿಗ್ರಿ ಮೇಲೆ ಅಂತ ಲೆಕ್ಕ ಇಟ್ಟುಕೊಳ್ಳಿ. ನಿಮಗೆ 103-104ಕ್ಕೇ ಕಾಕವಿ ಆಗಿರುತ್ತೆ, 105ಕ್ಕೆ ಬಿಟ್ಟರೆ ಬೇಕಾದ್ದಕ್ಕಿಂತ ಗಟ್ಟಿ. ತುಂಬಾ ಗಟ್ಟಿಯಾದ ಕಾಕವಿ ಬಾಟಲಿಯಲ್ಲಿ ಹರಳುಗಟ್ಟುತ್ತೆ.

ಗಾಣದಮನೆ_ಮಹಾಲಿಂಗಪುರ

ಅಕ್ಕಾ, ಹರಳುಗಟ್ಟೋ ದೂರು ನಮಗೆ ಗಿರಾಕಿಗಳಿಂದ ಬರುತ್ತಲೇ ಇತ್ತು. ಇವತ್ತೇ ನೀರು ಕುದಿಸಿ ನೋಡುತ್ತೇನೆ.

ಗ್ಯಾಸ್ ದುಬಾರಿ ಅಲ್ವಾ ಅಂತ ಒಬ್ಬರು ಮೆಸೇಜ್‌ನಲ್ಲಿ ಕೇಳಿದ್ದರು. 100 ಕೆಜಿ ಕಬ್ಬಿನ ಹಾಲನ್ನು ಪೂರ್ತಿ ಗ್ಯಾಸ್ ಮೇಲೇ ಕಾಯಿಸಿದರೆ 70 ಕೆಜಿಯಷ್ಟು ನೀರು ಹಾರಿಸಬೇಕು, 9 ಕೆಜಿ ಗ್ಯಾಸ್ ಬೇಕಾಗುತ್ತೆ. ಸಿಪ್ಪೆಯ ಮೇಲೆ ಅರ್ಧ ಗಟ್ಟಿ ಮಾಡಿ 40 ಕೆಜಿಗೆ ತಂದರೆ ಉಳಿಯೋದು 11 ಕೆಜಿ ನೀರು, ಒಂದೂಕಾಲು ಕೆಜಿ ಗ್ಯಾಸ್‌ಗೆ ಮುಗಿಯುತ್ತೆ. ಕಾಕವಿ 28 ಕೆಜಿ ಆಸುಪಾಸು ಸಿಗುತ್ತೆ. ಒಂದೇ ಬಣ್ಣ, ಒಂದೇ ಹದ ಬರೋದಾದರೆ ಆ ಖರ್ಚು ನನಗೆ ಒಪ್ಪಿಗೆ.

ಬಾಗಲಕೋಟೆ_ಸರ್ಕ್ಯೂಟ್

ಉಷ್ಣ ಹಿಡಿಯೋಕೆ ಪಿಐಡಿ (ಗುರಿಗೆ ಎಷ್ಟು ದೂರ ಅಂತ ನೋಡಿ ಉರಿ ಹೆಚ್ಚುಕಡಿಮೆ ಮಾಡೋ ಲೆಕ್ಕ) ಹಾಕಿದ್ದೀರಾ? ಕೊನೆಯಲ್ಲಿ ಮೇಲೆ ಹಾರಿ ಹೋಗಲ್ವಾ?

ಗಾಣದಮನೆ_ಮಹಾಲಿಂಗಪುರ

ಪಿಐಡಿ ಹಾಕಿದರೆ ವಾಲ್ವ್ ಟಕಟಕ ಅಂತಲೇ ಇರುತ್ತೆ, ಪ್ರತಿ ಸಲ ಹೊಸದಾಗಿ ಹೊತ್ತಿಸಬೇಕು. ಅದಕ್ಕೆ ದೊಡ್ಡ ಉರಿ, ಸಣ್ಣ ಉರಿ ಅಂತ ಎರಡೇ ಹಂತ ಮಾಡೋ ಯೋಚನೆ ಇದೆ.

ಉದ್ಯಮಬಾಗ_ಬರ್ನರ್

ಅದೇ ಮಾಡಿ. ಎರಡು ಮುಖ್ಯ ವಾಲ್ವ್ ದಾಟಿದ ಮೇಲೆ ಮೂರನೇ ವಾಲ್ವ್ ಒಂದು, ಅದಕ್ಕೆ ಸಮಾಂತರವಾಗಿ ಸಣ್ಣ ಉರಿಗೆ ಬೇಕಾದಷ್ಟೇ ಗ್ಯಾಸ್ ಬಿಡೋ ಬೈಪಾಸ್. ಗುರಿಗೆ ಎರಡು ಡಿಗ್ರಿ ಇರುವಾಗಲೇ ಮೂರನೆಯದು ಮುಚ್ಚಲಿ. ಸಣ್ಣ ಉರಿಯಲ್ಲೂ ರಾಡ್ ಜ್ವಾಲೆಯೊಳಗೇ ಇದೆಯಾ, ಮೈಕ್ರೋಆಂಪ್ ಸಾಕಷ್ಟಿದೆಯಾ ಅಳೆದೇ ಬಿಡಿ. ಬಹಳ ಜನ ದೊಡ್ಡ ಉರಿಯಲ್ಲಿ ಮಾತ್ರ ಅಳೆದು ಸುಮ್ನಾಗುತ್ತಾರೆ.

ಗಾಣದಮನೆ_ಮಹಾಲಿಂಗಪುರ

ಟ್ರಾನ್ಸ್‌ಫಾರ್ಮರ್ ಹಾಕಿಸಿದ್ದಾಯಿತು. ಇನ್ವರ್ಟರ್ ಮೇಲೂ ಈಗ 6 ಮೈಕ್ರೋಆಂಪ್. ಉರಿ ನಡೆಯುವಾಗಲೇ ಬೇಕಂತಲೇ ಮೇನ್ ತೆಗೆದೆ. ಇನ್ವರ್ಟರ್ ಹಿಡಿಯೋ ಆ ಒಂದು ಕ್ಷಣ ಕಂಟ್ರೋಲರ್ ಬಿಟ್ಟು, ಮತ್ತೆ ಮೊದಲಿನಿಂದ ಕಿಡಿ ಹಾಕಿ, ತಾನೇ ಹೊತ್ತಿಸಿಕೊಂಡಿತು. ಕೆಂಪು ದೀಪ ಇಲ್ಲ. ಆಮೇಲೆ ಸಿಲಿಂಡರ್ ಮುಚ್ಚಿ ಉರಿ ಆರಿಸಿಯೂ ನೋಡಿದೆ. ವಾಲ್ವ್ ಕೂಡಲೇ ಮುಚ್ಚಿತು, ಮತ್ತೆ ಹೊತ್ತಿಸೋಕೆ ಹೋಗಿ ಜ್ವಾಲೆ ಕಾಣದೆ ಲಾಕ್‌ಔಟ್‌ಗೆ ಹೋಯಿತು. ಹಾಗೇ ಆಗಬೇಕಿತ್ತು. ನೀರು ಕುದಿದಿದ್ದು 98.1ಕ್ಕೆ, ಹಾಗಾಗಿ ಗುರಿ 103.5ಕ್ಕೆ ಇಳಿಸಿದ್ದೇನೆ. ಎಲ್ಲರಿಗೂ ಮನಸಾರೆ ಧನ್ಯವಾದ.

ಇಂಡಿ_ಲಿಂಬೆ

ನಾನೂ ಕಂಟ್ರೋಲರ್ ವಾಪಸ್ ಹಾಕುತ್ತಿದ್ದೇನೆ, ಗ್ಯಾಸ್ ವಾಲ್ವ್‌ಗೆ ಬೆಳಗಾವಿಗೆ ಆರ್ಡರ್ ಕೊಟ್ಟೆ. ಒಂದೇ ಪ್ರಶ್ನೆ ಉಳಿದಿದೆ. ನನ್ನ ಪಾಕ ಉಕ್ಕಿ ಬರ್ನರ್ ಮೇಲೆ ಸುರಿಯುತ್ತೆ. ರಾಡ್‌ಗೆ ಏನಾದರೂ ಆಗುತ್ತಾ?

ಉದ್ಯಮಬಾಗ_ಬರ್ನರ್

ಖಂಡಿತ ಆಗುತ್ತೆ. ಸಕ್ಕರೆ ಸುಟ್ಟು ಪಿಂಗಾಣಿಯ ಮೇಲೆ ಕರಿ ಪದರ ಕಟ್ಟಿದರೆ ಸಿಗ್ನಲ್ ಅಲ್ಲಿಂದಲೇ ಸೋರಿ ಹೋಗುತ್ತೆ, ಮೈಕ್ರೋಆಂಪ್ ದಿನೇ ದಿನೇ ಇಳಿಯುತ್ತೆ. ರಾಡ್ ಇರೋ ಕಡೆ ಮೇಲೊಂದು ಸ್ಟೀಲ್ ತಗಡಿನ ಚಾವಣಿ ಕೊಡಿ, ಕೊಪ್ಪರಿಗೆಯ ಕಂಠ ಎತ್ತರ ಮಾಡಿ. ಆರಿ ತಣ್ಣಗಾದ ಮೇಲೆ ಪಿಂಗಾಣಿಯನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಲೋಹದ ಭಾಗ ಮಾತ್ರ ನಯವಾದ ಸ್ಟೀಲ್ ವುಲ್‌ನಿಂದ ಉಜ್ಜಿ. ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಹೊಸದು ಹಾಕಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಸಿಲಿಂಡರ್ ಮುಚ್ಚಿ ಹೊರಗೆ ಬನ್ನಿ, ಎಲ್‌ಪಿಜಿ ತುರ್ತು ನಂಬರ್ 1906 ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.